ಹಿಟ್ಟಿನ ಮೇಲಿನ ಮೂರು ಗೆರೆ

ಶಿವದೇವಿ ಈ ಲೋಕದಲ್ಲಿ ಸಂಶಯವಿಲ್ಲದೆ ನಂಬಿದ್ದು ತನ್ನ ಕೊರಳಿನ ಇಷ್ಟಲಿಂಗವೊಂದನ್ನೇ. ಉಳಿದುದೆಲ್ಲವನ್ನೂ ಆಕೆ ಮುಟ್ಟಿ ನೋಡುವಳು, ಮೂಸಿ ನೋಡುವಳು, ಎತ್ತಿ ತೂಗಿ ನೋಡುವಳು. ಹಾಲಿನವನು ಪಾತ್ರೆಗೆ ಹಾಲು ಸುರಿದರೆ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಅದು ಜಾರುವ ಬಗೆಯನ್ನು ಪರೀಕ್ಷಿಸುವಳು. ಸಿಲಿಂಡರ್ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿ, ಅದನ್ನು ಅಲುಗಾಡಿಸಿ, ಕಿವಿಗೊಟ್ಟು ಕೇಳುವಳು. ಗಂಡ ಸಿದ್ದರಾಮಪ್ಪ ಪೂಜೆ ಮುಗಿಯಿತೆಂದು ಹೇಳಿದರೂ, ಆತನ ಹಣೆಯ ವಿಭೂತಿ ಹಸಿಯಾಗಿದೆಯೋ ನಿನ್ನೆಯದೋ ಎಂದು ಕಡೆಗಣ್ಣಿನಿಂದ ನೋಡಿಯೇ ತಾಟಿಗೆ ರೊಟ್ಟಿ ಹಾಕುವಳು.

"ನಾಳೆ ಯಮಾ ಬಂದ್ರೂ ನೀ ಒಳಗ ಬಿಡಾಕಿ ಅಲ್ಲ," ಎಂದು ಸಿದ್ದರಾಮಪ್ಪ ನಗುತ್ತಿದ್ದ. "ಆಧಾರ ಕಾರ್ಡ ತೋರ್ಸು ಅಂತಿ."

"ಮತ್ತ? ಕ್ವಾಣ ಯಾರದೋ ಏನೋ!"

ಆಕೆಯ ತವರು ಭಾಲ್ಕಿಯ ಕಡೆಯ ಒಂದು ಹಳ್ಳಿ. ಸುಲ್ತಾನ್ ಬಜಾರಿನ ಜವಳಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಸಿದ್ದರಾಮಪ್ಪನ ಕೈಹಿಡಿದು ಹೈದರಾಬಾದಿಗೆ ಬಂದವಳು. ದಿಲ್‌ಸುಖ್‌ನಗರದಲ್ಲಿ, ಕೋಚಿಂಗ್ ಸೆಂಟರುಗಳ ಬೆನ್ನಿಗಿರುವ ಗಲ್ಲಿಯಲ್ಲಿ ಕೆಳಗಿನ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಜೋಳದ ರೊಟ್ಟಿ ಬಡಿದು ಹಾಸ್ಟೆಲುಗಳಿಗೆ ಕೊಡುವ ಕಾಯಕವನ್ನು ಕೈಗೊಂಡಳು. ಒಳ್ಳೆಯ ಕಾಲದಲ್ಲಿ ಆ ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಮೇಲಿನ ಮನೆಯವರು ಎಚ್ಚರಗೊಂಡು ಬೈಯುತ್ತಿದ್ದರು. ಆಮೇಲೆ ಮಹಾಮಾರಿ ಬಂತು. ಹಾಸ್ಟೆಲುಗಳು ಬರಿದಾದವು, ರೊಟ್ಟಿ ಬಡಿಯುವ ಹೆಂಗಸರು ಊರು ಸೇರಿದರು, ಜವಳಿ ಅಂಗಡಿಯ ಸೇಠನು ಸಿದ್ದರಾಮಪ್ಪನಿಗೆ ಕೈಮುಗಿದು ಮನೆಗೆ ಕಳುಹಿಸಿದನು. ಬೀದಿ ಮತ್ತೆ ತೆರೆದಾಗ ಹಿಂದಿರುಗಿ ಬಂದವಳು ನಾರಾಯಣಖೇಡದ ಬಂಡೆಮ್ಮ ಒಬ್ಬಳೇ. ಹೊತ್ತಿದ್ದೂ ಒಂದೇ ಒಲೆ.

ಆ ಅಡುಗೆಮನೆಗೆ ಅತ್ತೆಯ ಕಾಲದಿಂದ ಬಂದ ಎರಡು ನಡೆಗಳಿದ್ದವು. ದಿನದ ಕೆಲಸ ಮುಗಿದ ಮೇಲೆ ಹಿಟ್ಟಿನ ಡಬ್ಬದೊಳಗಿನ ಹಿಟ್ಟನ್ನು ಅಂಗೈಯಿಂದ ಸಮಮಾಡಿ, ಅದರ ಮೇಲೆ ಮೂರು ಬೆರಳಿನಿಂದ ವಿಭೂತಿಯಂತೆ ಮೂರು ಗೆರೆ ಎಳೆದು ಮುಚ್ಚುವುದು ಒಂದು. ಅತ್ತೆಗೆ ಅದು ಬರಿಯ ಭಕ್ತಿಯಾಗಿತ್ತು. ಸೊಸೆಗೆ ಅದು ಅರ್ಧ ಭಕ್ತಿ, ಅರ್ಧ ಬೀಗ. ನಸುಕಿನಲ್ಲಿ ಹೆಂಗಸರು ಬರುವಾಗ ಆಕೆ ಸ್ನಾನದಲ್ಲಿರುವುದುಂಟು; ಆಗ ಯಾರಾದರೂ ಹಿಟ್ಟಿಗೆ ಕೈಯಿಟ್ಟರೆ ಗೆರೆ ಕೆಡುತ್ತದೆ. ಬೇರೆ ಕೈ ತಿರುಗಿ ಎಳೆದರೆ ಶಿವದೇವಿಯ ಕಣ್ಣಿಗೆ ಅದು ಕೂಡಲೇ ತಿಳಿಯುತ್ತದೆ. ಇನ್ನೊಂದು ನಡೆ, ಹಿಡಿಹಿಟ್ಟಿನದು. ದಿನವೂ ಎಸರು ಇಡುವ ಮೊದಲು ಒಂದು ಹಿಡಿ ಹಿಟ್ಟನ್ನು ದೇವರ ಜಗಲಿಯ ಕೆಳಗಿನ ಮಣ್ಣಿನ ಗಡಿಗೆಗೆ ಹಾಕಬೇಕು. ಅದು ಜಂಗಮರ ಜೋಳಿಗೆಯ ಪಾಲು. ಊರಿನ ಮಠದ ಅಯ್ಯನವರು ವರ್ಷಕ್ಕೊಮ್ಮೆ ಹೈದರಾಬಾದಿನ ಭಕ್ತರ ಮನೆಗಳಿಗೆ ಬಂದಾಗ ಅದನ್ನು ಒಪ್ಪಿಸುವುದು ಆ ಮನೆಯ ವ್ರತವಾಗಿತ್ತು. ಅಯ್ಯನವರು ಮುಪ್ಪಾಗಿ ಬರುವುದನ್ನು ಬಿಟ್ಟರು. ಕೊರತೆಯ ದಿನಗಳು ಬಂದಾಗ, ಒಂದು ಮುಂಜಾನೆ, ಶಿವದೇವಿಯ ಕೈ ಗಡಿಗೆಯವರೆಗೆ ಹೋಗಿ ಹಿಂದಕ್ಕೆ ಬಂತು. ಆ ಹಿಡಿ ಡಬ್ಬಕ್ಕೇ ಬಿತ್ತು. ಆಕೆ ಅದನ್ನು ಗಂಡನಿಗೂ ಹೇಳಲಿಲ್ಲ. ಗಡಿಗೆಯನ್ನು ಮಾತ್ರ ಸೋಮವಾರ ಸೋಮವಾರ ಒರೆಸಿ, ಮುಚ್ಚಳ ಹಾಕಿ, ಮೊದಲಿನಂತೆಯೇ ಇಡುತ್ತಿದ್ದಳು.

ಹಾಸ್ಟೆಲುಗಳಿಗೆ ಹುಡುಗಿಯರು ಮರಳತೊಡಗಿದಾಗ ಬಂಡೆಮ್ಮನ ಎರಡು ಕೈ ಸಾಲದಾದವು. ಆಗ ಸ್ನೇಹಲತಾ ಆ ಹೆಂಗಸನ್ನು ಕರೆದುಕೊಂಡು ಬಂದಳು. ಸ್ನೇಹಲತಾ ಎರಡು ಗಲ್ಲಿಗಳಾಚೆಯವಳು. ಬ್ಯಾಂಕಿನ ಕೆಲಸ, ಉಳಿದ ಹೊತ್ತಿನಲ್ಲಿ ಸಮಾಜದ ಮಹಿಳಾ ಮಂಡಳಿಯ ಓಡಾಟ. ಅವಳ ಹಿಂದೆ ನಿಂತಿದ್ದವಳು ಸಣ್ಣ ಮೈಯವಳು, ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಬಟ್ಟೆಯ ಗಂಟು. ಒಳಗೆ ಬರುವ ಮೊದಲೇ ಹಿತ್ತಲ ಬಾಗಿಲು ಎಲ್ಲಿದೆಯೆಂದು ಹುಡುಕಿದ ಅವಳ ಕಣ್ಣನ್ನು ಶಿವದೇವಿ ಹಿಡಿದುಬಿಟ್ಟಳು.

"ಎಲ್ಲಿಯಾಕಿ ಈಕಿ?"

"ಬಂಗಾಲದಾಕಿ ರೀ ಅಕ್ಕಾರ. ಸೋನಾ ಅಂತ. ಗಂಡ ಚಿಂದಿ ಆರಿಸ್ತಿದ್ದ, ಈಗ ಅದೂ ಇಲ್ಲ. ಭಾಳ ತ್ರಾಸಿನ್ಯಾಗ ಅದಾಳ."

"ತ್ರಾಸು ಯಾರಿಗಿಲ್ಲ? ನಮ್ಮನಿಯವ್ರೂ ಮನ್ಯಾಗ ಕುಂತು ಗ್ವಾಡಿ ನೋಡಾಕತ್ತಾರ." ಶಿವದೇವಿ ದನಿ ತಗ್ಗಿಸಿದಳು. "ಮೀನಾ ಮಾಂಸಾ ತಿನ್ನೋ ಕೈ ಸ್ನೇಹಾ. ನಾಕು ಮಂದಿಗೆ ಗೊತ್ತಾದ್ರ?"

"ಕಾಯಕಕ್ಕ ಜಾತಿ ಇಲ್ಲ ಅಂತ ಬಸವ ಜಯಂತಿ ದಿನಾ ಮೈಕಿನ್ಯಾಗ ಅಂದಾಕಿ ನೀವ ಅಲ್ಲೇನ್ರಿ?"

"ಮೈಕಿನ್ಯಾಗ ಅಂದದ್ದನ್ನ ಅಡಗಿಮನಿತನಕ ತರಬಾರದವಾ," ಎಂದಳು ಶಿವದೇವಿ. ಆದರೆ ಹಾಗೆಂದ ಮೇಲೆ ತನ್ನ ಮಾತು ತನಗೇ ಚುಚ್ಚಿತು. ದೇವರ ಜಗಲಿಯ ಕಡೆಗೊಮ್ಮೆ ನೋಡಿ, "ಎಂಟು ದಿನ ನೋಡೂಣು," ಎಂದಳು.

ಸಂಶಯಕ್ಕೆ ಸೋನಾ ಮೊದಲ ದಿನವೇ ಮೇವು ಒದಗಿಸಿದಳು. ಜೋಳದ ಹಿಟ್ಟಿಗೆ ಜಿಗಿ ಬರಿಸುವ ಕುದಿ ಎಸರಿನ ಹದ ಹೊಸಬರಿಗೆ ತಿಂಗಳಾದರೂ ತಿಳಿಯದು. ಇವಳಿಗೆ ಅದು ಎರಡನೆಯ ಮುದ್ದೆಗೇ ತಿಳಿಯಿತು. ತಮ್ಮಲ್ಲಿ ಅಕ್ಕಿಹಿಟ್ಟನ್ನೂ ಹೀಗೆಯೇ ನಾದುತ್ತಾರೆಂದು ಅವಳು ಹಿಂದಿಯಲ್ಲಿ ಹೇಳಿದಳು. "ಕಲೀಲಾರದ ವಿದ್ಯಾ ಇಷ್ಟ ಲಗೂನ ಬಂದ್ರ ಅದರಾಗ ಏನೋ ಐತಿ," ಎಂದು ಶಿವದೇವಿ ಗಂಡನ ಕಿವಿಯಲ್ಲಿ ಹೇಳಿದಳು. ಇದಲ್ಲದೆ ಅವಳು ಕೂಡುತ್ತಿದ್ದುದು ಯಾವಾಗಲೂ ಬಾಗಿಲಿಗೆ ಮುಖಮಾಡಿ. ಚಹ ಕೊಟ್ಟರೆ, ಅದೇ ಕಿತ್ತಲಿಯಿಂದ ಬಂಡೆಮ್ಮ ಒಂದು ಗುಟುಕು ಕುಡಿದ ಮೇಲೆಯೇ ತಾನು ಬಾಯಿಗೆ ಹಚ್ಚುವಳು. ಮನೆ ಎಲ್ಲಿ ಎಂದರೆ "ಉಧರ್," ಎಂದು ಒಮ್ಮೆ ಮೂಡಣಕ್ಕೂ ಇನ್ನೊಮ್ಮೆ ತೆಂಕಣಕ್ಕೂ ಕೈತೋರುವಳು. ಶಿವದೇವಿಗೆ ಅವಳಲ್ಲಿ ನಂಬಿಕೆಯಿರಲಿಲ್ಲ. ಅವಳಿಗೂ ಶಿವದೇವಿಯಲ್ಲಿ ನಂಬಿಕೆಯಿಲ್ಲವೆಂಬುದು ಶಿವದೇವಿಗೆ ಇನ್ನೂ ಹೆಚ್ಚಿನ ಅಪಮಾನವಾಗಿ ತೋರಿತು.

ಎಂಟು ದಿನವೆಂದದ್ದು ಮೂರು ತಿಂಗಳಾಯಿತು. ಸೋನಾ ಅಡುಗೆಮನೆಯ ಕನ್ನಡವನ್ನು ಬಂಡೆಮ್ಮನಿಂದ ಕಲಿತಳು. ಬಂಡೆಮ್ಮನ ಬಾಯಿ ಎಂಥದೆಂದು ಬಲ್ಲವರು ಆ ವಿದ್ಯಾಭ್ಯಾಸದ ಬಗೆಯನ್ನು ಊಹಿಸಬಹುದು. ಒಂದು ದಿನ ಸಿದ್ದರಾಮಪ್ಪನ ಮುಂದೆ ಕಪ್ಪು ಇಟ್ಟು, ಸೆರಗು ಸರಿಪಡಿಸಿಕೊಂಡು, ಬಹಳ ಗೌರವದಿಂದ, "ಚಾ ಕುಡೀರಿ ಹುಚ್ಚಪ್ಯಾಲಿ," ಎಂದಳು. ತನ್ನ ಬೈಗುಳ ಅಲ್ಲಿ ಕೇಳಿದ ಬಂಡೆಮ್ಮ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಸಿದ್ದರಾಮಪ್ಪ, ಕೆಲಸ ಹೋದಂದಿನಿಂದ ನಗುವುದನ್ನೇ ಮರೆತಂತಿದ್ದವನು, ಚಹ ಚೆಲ್ಲುವಷ್ಟು ನಕ್ಕನು. ಶಿವದೇವಿ ನಗಲಿಲ್ಲ. ಕೆಲಸಕ್ಕೆ ಬಂದವಳು ಮನೆಯವರನ್ನು ನಗಿಸತೊಡಗಿದರೆ ಜೋಕೆಯಾಗಿರಬೇಕೆಂದು ಆಕೆಯ ಮನಸ್ಸು ಹೇಳಿತು.

ಹಾಗಿರುವಾಗ ಗುಂಡಮ್ಮ ಬಂದು ಒಂದು ಮಾತು ಹೇಳಿಹೋದಳು. ಗುಂಡಮ್ಮ ಹುಡುಗಿಯರ ಎರಡು ಹಾಸ್ಟೆಲುಗಳ ಒಡತಿ. ಶಿವದೇವಿಯ ರೊಟ್ಟಿಯಲ್ಲಿ ಮುಕ್ಕಾಲು ಪಾಲು ಹೋಗುತ್ತಿದ್ದುದು ಆಕೆಯ ಮೆಸ್ಸಿಗೆ. ಜಹೀರಾಬಾದಿನವಳಾದ್ದರಿಂದ ಆಕೆಯ ಕನ್ನಡಕ್ಕೆ ತೆಲುಗಿನ ಒಗ್ಗರಣೆ ಬಿದ್ದಿರುತ್ತಿತ್ತು.

"ಅಕ್ಕಾ, ಬಾಲಾಪುರ ಗುಡಿಸಲಾಗ ಬರ್ಮಾ ಮಂದಿ ಇದಾರಲ್ಲ, ರೋಹಿಂಗ್ಯಾಲು, ಅವ್ರು ಈಗ ಮನಿ ಕೆಲಸಕ್ಕ ಬರ್ತಾ ಇದಾರಂಟ. ನಮ್ಮ ಹುಡುಗೀರ ತಂದಿ ತಾಯಿ ಫೋನ್ ಮಾಡಿ ಕೇಳ್ತಾ ಇದಾರ, ಅಡುಗಿ ಯಾರು ಮಾಡ್ತಾರ ಅಂತ. ನಿನ್ನ ಹತ್ತಿರ ಅಂಥೋರು ಇಲ್ಲ ಕದಾ? ಇದ್ರ ನನಗ ಕಷ್ಟಂ. ರೊಟ್ಟೆ ಬಂದ್ ಮಾಡಬೇಕಾಗ್ತದ."

"ನಮ್ಮಲ್ಲಿ ಬಂಗಾಲದಾಕಿ ಒಬ್ಬಾಕಿ ಅದಾಳ," ಎಂದಳು ಶಿವದೇವಿ. ಹೇಳುವಾಗ ಆಕೆಯ ಕಣ್ಣು ಸೋನಾಳ ಮೇಲಿತ್ತು. ಹಲಗೆಯ ಮೇಲೆ ಓಡುತ್ತಿದ್ದ ಸೋನಾಳ ಕೈ ಒಂದು ಗಳಿಗೆ ನಿಂತು ಮತ್ತೆ ಓಡಿತು. ರೊಟ್ಟಿಯ ಅಂಚು ಹರಿದಿತ್ತು. ಅವಳ ಕೈಯಲ್ಲಿ ಅಂಚು ಹರಿದುದನ್ನು ಶಿವದೇವಿ ಅದುವರೆಗೆ ಕಂಡಿರಲಿಲ್ಲ.

ಅಂದಿನಿಂದ ಆಕೆಯ ಕಾವಲು ಬಿಗಿಯಾಯಿತು. ಮುಂದಿನ ಸೋಮವಾರ ಗಡಿಗೆಯನ್ನು ಒರೆಸಲೆಂದು ಎತ್ತಿದರೆ ಅದು ಭಾರವಾಗಿತ್ತು. ಮುಚ್ಚಳ ತೆಗೆದಳು. ಒಳಗೆ ಹಿಟ್ಟು!

ತಾನು ಹಾಕದ ಹಿಟ್ಟು. ಹಿಂದಿನ ಸೋಮವಾರ ಬರಿದಾಗಿದ್ದ ಗಡಿಗೆ. ಕಳ್ಳರು ಕಂಡರೆ ಆಗುವ ಭಯವೂ, ಸಂಶಯ ನಿಜವಾದರೆ ಆಗುವ ಗುಟ್ಟಿನ ಸಂತೋಷವೂ ಶಿವದೇವಿಯಲ್ಲಿ ಒಟ್ಟಿಗೇ ಎದ್ದವು. ಯಾರೂ ಮುಟ್ಟದ ದೇವರ ಗಡಿಗೆಯಲ್ಲಿ ಹಿಡಿ ಹಿಡಿಯಾಗಿ ಕದ್ದು ಕೂಡಿಟ್ಟು, ತುಂಬಿದ ದಿನ ಗಂಟಿನಲ್ಲಿ ಕಟ್ಟಿ ಒಯ್ಯುವ ಹಂಚಿಕೆ ಇದಲ್ಲದೆ ಮತ್ತೇನು? ಡಬ್ಬದ ಮುಚ್ಚಳ ತೆಗೆದು ನೋಡಿದಳು. ಮೂರು ಗೆರೆ ನೆಟ್ಟಗಿದ್ದವು. ಹಾಗಾದರೆ ಗೆರೆಯನ್ನೂ ಕಲಿತಿದ್ದಾಳೆ! ರೊಟ್ಟಿಯನ್ನು ಎರಡನೆಯ ಮುದ್ದೆಗೆ ಕಲಿತವಳಿಗೆ ಮೂರು ಗೆರೆ ಯಾವ ಲೆಕ್ಕ?

ಆಕೆ ಯಾರಿಗೂ ಹೇಳಲಿಲ್ಲ. ಅಂದು ಸಂಜೆ ಗೆರೆ ಎಳೆಯುವಾಗ ನಡುವಿನ ಗೆರೆಯ ತುದಿಯಲ್ಲಿ ಉಗುರಿನಿಂದ ಒಂದು ಸಣ್ಣ ಕೊಂಕು ಕೊಟ್ಟಳು. ತನಗಲ್ಲದೆ ಪರಶಿವನಿಗೂ ಅದು ತಿಳಿಯಬಾರದು. ಮರುದಿನ ಕೊಂಕು ಇದ್ದಂತೆಯೇ ಇತ್ತು, ಗಡಿಗೆಯ ಹಿಟ್ಟು ಮಾತ್ರ ಮೇಲೇರಿತ್ತು. ಅದರ ಮರುದಿನವೂ ಹಾಗೆಯೇ. ಬುದ್ಧಿ ಇಲ್ಲಿ ನಿಂತು ಯೋಚಿಸಬೇಕಾಗಿತ್ತು. ಆದರೆ ಸಂಶಯಕ್ಕೆ ನಿಲ್ಲುವ ಪರಿಪಾಠವಿಲ್ಲ.

ಶನಿವಾರ ಮಧ್ಯಾಹ್ನ, ಕೆಲಸ ಮುಗಿದು ಹೆಂಗಸರು ಕೈತೊಳೆಯುತ್ತಿರುವಾಗ, ಶಿವದೇವಿ ಗಂಡನನ್ನು ಕಳುಹಿಸಿ ಸ್ನೇಹಲತಾಳನ್ನು ಕರೆಸಿದಳು. ಎಲ್ಲರೂ ಬಂದ ಮೇಲೆ ಬಾಗಿಲಿಗೆ ಅಡ್ಡ ನಿಂತು, "ಸೋನಾ, ಗಂಟು ಬಿಚ್ಚು," ಎಂದಳು.

"ಯಾಕ ಅಮ್ಮಾ?"

"ಬಿಚ್ಚು ಅಂದ್ರ ಬಿಚ್ಚು."

ಸೋನಾ ಹಿತ್ತಲ ಬಾಗಿಲನ್ನು ನೋಡಿದಳು. ಅಲ್ಲಿ ಬಂಡೆಮ್ಮ ನಿಂತಿದ್ದಳು. ಗಂಟು ಬಿಚ್ಚಿಕೊಂಡಿತು. ಒಳಗಿದ್ದುದು ರೊಟ್ಟಿಯ ಮುರುಕು ಅಂಚುಗಳು, ಹಲಗೆಯ ಮೇಲೆ ಉಳಿದ ಒಣಹಿಟ್ಟು. ಹಲಗೆಯಲ್ಲಿ ಉಳಿದ ಹಿಟ್ಟು ಬಡಿದವಳದೇ ಎಂಬುದು ಆ ಮನೆಯ ಕಟ್ಟಳೆ, ಅದರಲ್ಲಿ ಕಳವಿಲ್ಲ. ಆದರೆ ಬಟ್ಟೆಯ ಮಡಿಕೆಯಿಂದ ಪ್ಲಾಸ್ಟಿಕ್ ಸುತ್ತಿದ ಒಂದು ಕಾರ್ಡು ನೆಲಕ್ಕೆ ಬಿತ್ತು. ಸೋನಾ ಬಗ್ಗುವಷ್ಟರಲ್ಲಿ ಶಿವದೇವಿ ಅದನ್ನೆತ್ತಿ ಗಂಡನ ಕೈಗೆ ಕೊಟ್ಟಳು.

ಸಿದ್ದರಾಮಪ್ಪ ಕನ್ನಡಕ ಏರಿಸಿ ಓದಿದನು. "ಹೆಸರು ಸನೋವಾರಾ ಬೇಗಂ ಅಂತ ಐತಿ. ದೇಶ ಬರ್ಮಾ. ನಿರಾಶ್ರಿತರ ಕಾರ್ಡ ಇದು."

ಶಿವದೇವಿ ಸ್ನೇಹಲತಾಳ ಕಡೆಗೆ ತಿರುಗಿದಳು. ಸ್ನೇಹಲತಾ ನೆಲ ನೋಡಿದಳು. "ಬರ್ಮಾ ಅಂದಿದ್ರ ನೀವು ಹೊಸ್ತಿಲಾ ದಾಟಿಸ್ತಿರಲಿಲ್ರಿ ಅಕ್ಕಾರ. ಬಂಗಾಲ ಅಂತ ಹೇಳಿದಾಕಿ ನಾನ. ಆಕಿ ಅಲ್ಲ."

"ಹೇಳಿದಾಕಿ ನೀ, ಮೂರು ತಿಂಗಳು ಸುಮ್ಮ ಕುಂತಾಕಿ ಆಕಿ," ಎಂದು ಶಿವದೇವಿ ಸನೋವಾರಾಳ ಮುಂದೆ ಹೋಗಿ ನಿಂತಳು. "ಇರಲಿ. ಅದು ಆಮ್ಯಾಲ. ಗಡಿಗ್ಯಾಗಿನ ಹಿಟ್ಟು ಎಲ್ಲೀದು?"

"ಅದು ನಂದು."

"ನಿಂದು ನನ್ನ ಗಡಿಗ್ಯಾಗ ಯಾಕ ಬಂತು?"

"ನೀ ಹಾಕಲ್ಲ," ಎಂದಳು ಸನೋವಾರಾ. "ಅದಕ್ಕ ನಾ ಹಾಕಿದೆ."

ಸಿದ್ದರಾಮಪ್ಪ ಕನ್ನಡಕ ತೆಗೆದು ಹೆಂಡತಿಯನ್ನು ನೋಡಿದನು. "ಹಿಡಿಹಿಟ್ಟು ಬಿಟ್ಟೀಯೇನು ನೀನು?"

ಸನೋವಾರಾ ತಾನು ಕಲಿತಿದ್ದ ಮುರುಕು ಕನ್ನಡದಲ್ಲಿ, ಸಿಗದ ಕಡೆ ಹಿಂದಿ ಸೇರಿಸಿ, ಒಂದೇ ಉಸಿರಿಗೆ ಹೇಳತೊಡಗಿದಳು. "ನಮ್ಮ ಊರಾಗ ಹೆಂಗಸ್ರು ಅಡಗಿ ಮುಂಚೆ ಒಂದು ಮುಟ್ಟಿ, ಒಂದು ಹಿಡಿ, ಚಾವಲ ತೆಗೀತಾರ. ಮಸೀದಿದು, ಗರೀಬರದು. ಮುಟ್ಟಿ ಬಂದ್ ಆದ್ರ ಆ ಮನಿ ಒಲಿ ಬಂದ್. ಬಂಡೆಮ್ಮ ಹೇಳಿದಳು, ಇದು ಮುಟ್ಟಿ ಗಡಿಗಿ. ನಾ ದಿನಾ ನೋಡಿದೆ, ಖಾಲಿ. ಆ ದಿನ ಗುಂಡಮ್ಮ ಬಂದಳು, ರೊಟ್ಟಿ ಬಂದ್ ಅಂದಳು. ನನಗ ಡರ್ ಆತು. ಮೊದಲ ಮನಿಯವ್ರು ಓಡಿಸಿದ್ರು, ಅದರ ಮೊದಲ ಮನಿಯವ್ರೂ ಓಡಿಸಿದ್ರು. ಈ ಒಲಿ ಬಂದ್ ಆದ್ರ ನಾ ಎಲ್ಲಿ ಹೋಗ್ಲಿ? ಅದಕ್ಕ ನನ್ನ ಹಿಟ್ಟು ಹಾಕಿದೆ. ನಿನ ಸಲುವಾಗಿ ಅಲ್ಲ ಅಮ್ಮಾ. ನನ ಸಲುವಾಗಿ."

ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಕರಗುತ್ತಿದ್ದರೇನೋ. ಶಿವದೇವಿ ಗಡಿಗೆಯ ಬಳಿಗೆ ಹೋಗಿ ಕುಳಿತು, ಒಂದು ಚಿಟಿಕೆ ಹಿಟ್ಟನ್ನು ಹೆಬ್ಬೆರಳಿನಿಂದ ಅಂಗೈಯ ಮೇಲೆ ತಿಕ್ಕಿದಳು. ಅದರಲ್ಲಿ ಕಂದು ಚುಕ್ಕೆಗಳಿದ್ದವು. ಹಂಚಿನಿಂದ ಉದುರಿದ ಸುಟ್ಟ ಹಿಟ್ಟು ಹಲಗೆಗೆ ಸೇರುವುದುಂಟು, ಡಬ್ಬದ ಹಿಟ್ಟಿಗೆ ಎಂದೂ ಸೇರದು. ಗಂಟಿನ ಹಿಟ್ಟನ್ನೂ ತಿಕ್ಕಿ ನೋಡಿದಳು. ಅವೇ ಚುಕ್ಕೆ. ಡಬ್ಬದ ಕೊಂಕಿನ ಗೆರೆ ಸುಳ್ಳು ಹೇಳಿರಲಿಲ್ಲ. ಅದನ್ನು ಓದಿದ ತಾನೇ ತಪ್ಪಿದ್ದಳು. ಕದ್ದವರಾರೆಂದು ನೋಡಹೋದರೆ, ಜಂಗಮರ ಪಾಲನ್ನು ಡಬ್ಬಕ್ಕೆ ಸೇರಿಸಿದ ತನ್ನ ಕೈಯೊಂದೇ ಆ ಮನೆಯಲ್ಲಿ ಸಿಕ್ಕುಬಿದ್ದಿತು.

ಆದರೂ ಆಕೆ ಎದ್ದು ನಿಂತು, "ಹಿಟ್ಟಿಂದು ಬ್ಯಾರೆ, ಸುಳ್ಳಿಂದು ಬ್ಯಾರೆ," ಎಂದಳು. "ಸುಳ್ಳು ಹೇಳಿ ಒಳಗ ಬಂದೀ."

"ಖರೆ ಹೇಳಿದ್ರ ಬಿಡ್ತಿದ್ದೇನು?"

ಬಿಡುತ್ತಿರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಗಲೇ ಹೊರಗೆ ಗುಂಡಮ್ಮನ ಆಟೋ ಬಂದು ನಿಂತ ಸದ್ದಾಯಿತು.

ಸ್ನೇಹಲತಾ ಶಿವದೇವಿಯ ಮೊಳಕೈ ಹಿಡಿದು, "ಅಕ್ಕಾರ, ಬಂಗಾಲ ಅಂತನ ಹೇಳಿಬಿಡ್ರಿ," ಎಂದು ಪಿಸುಗುಟ್ಟಿದಳು. ಸಿದ್ದರಾಮಪ್ಪ ಕಾರ್ಡನ್ನು ಸನೋವಾರಾಳ ಕೈಗೆ ತಿರುಗಿ ಕೊಟ್ಟನು. ಅವಳು ಗಂಟು ಕಟ್ಟತೊಡಗಿದಳು. ಕಟ್ಟುವ ರೀತಿಯಲ್ಲೇ ಕಾಣುತ್ತಿತ್ತು, ಇಂಥ ಗಂಟನ್ನು ಅವಳು ಹಲವು ಮನೆಗಳಲ್ಲಿ ಕಟ್ಟಿದವಳೆಂದು.

ಗುಂಡಮ್ಮ ಒಳಗೆ ಬಂದವಳು ಎಲ್ಲರ ಮುಖ ನೋಡಿ, "ಏಮಾಯಿತು? ಯಾರಾದ್ರೂ ಸತ್ರಾ?" ಎಂದಳು.

ಶಿವದೇವಿಯ ಕೈ ಕೊರಳಿನ ಲಿಂಗವನ್ನು ಮುಟ್ಟಿತು. ಗುಂಡಮ್ಮನ ಮುಂದೆ ಮೂರು ತಿಂಗಳ ಸುಳ್ಳಿಗೆ ಇನ್ನೊಂದು ದಿನ ಸೇರಿಸಿದರೆ ಒಲೆ ಉಳಿಯುತ್ತದೆ. ನಿಜ ಹೇಳಿ ಅವಳನ್ನು ಹೊರಗೆ ಹಾಕಿದರೂ ಉಳಿಯುತ್ತದೆ. ಎರಡೂ ಸುಲಭವಾಗಿದ್ದವು. ಸುಲಭವಾದುದನ್ನು ಶಿವದೇವಿ ಎಂದೂ ನಂಬಿದವಳಲ್ಲ.

"ಈಕಿ ಬಂಗಾಲದಾಕಿ ಅಲ್ಲ ಗುಂಡಮ್ಮ. ಬರ್ಮಾದಾಕಿ. ಹೆಸರು ಸನೋವಾರಾ. ನನಗೂ ಈಗ ಗೊತ್ತಾತು. ಮೂರು ತಿಂಗಳಿಂದ ನಿನ್ನ ಹುಡುಗ್ಯಾರು ತಿನ್ನಾಕತ್ತಿದ್ದು ಈಕಿ ಬಡದ ರೊಟ್ಟಿ."

"ಅಯ್ಯೋ! ಮತ್ತ ಇನ್ನೂ ಇಟ್ಕೊಂಡೀಯಾ?"

"ಇಟ್ಕೋತೀನಿ."

"ಈಕೀನ ನಂಬಬಹುದಾ ಅಕ್ಕಾ?"

"ನಂಬೂದಾ?" ಶಿವದೇವಿ ಹುಬ್ಬೇರಿಸಿದಳು. "ನಾ ನಿನ್ನನ್ನೂ ನಂಬಂಗಿಲ್ಲ. ಕಣ್ಣಾಗ ಎಣ್ಣಿ ಬಿಟ್ಕೊಂಡು ನೋಡ್ತೀನಿ. ಇಷ್ಟ ದಿನಾ ನೋಡೀನಿ, ಕೈ ಸ್ವಚ್ಛ ಐತಿ. ನಾಳೆ ಕೆಟ್ರ ನಿನಗಿಂತ ಮೊದಲ ನನಗ ತಿಳೀತೈತಿ. ಅಷ್ಟ ಹೇಳಬಲ್ಲೆ. ಬೇಕಾದ್ರ ರೊಟ್ಟಿ ಒಯ್ಯಿ, ಬ್ಯಾಡಾದ್ರ ಬಿಡು."

ಗುಂಡಮ್ಮ ಸನೋವಾರಾಳನ್ನು ನೆತ್ತಿಯಿಂದ ಪಾದದವರೆಗೆ ನೋಡಿದಳು. ಸನೋವಾರಾ ಅಷ್ಟೇ ದಿಟ್ಟವಾಗಿ ಗುಂಡಮ್ಮನನ್ನು ನೋಡಿದಳು. ಗುಂಡಮ್ಮನಿಗೆ ಆ ಗಲ್ಲಿಯಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದಿತ್ತು: ಒಮ್ಮೆ ಪೂಜೆಯ ತೆಂಗಿನಕಾಯಿಯನ್ನೂ ಅಲುಗಾಡಿಸಿ ನೋಡಿ ಅಂಗಡಿಗೆ ತಿರುಗಿ ಕಳುಹಿಸಿದ ಹೆಂಗಸು ಇದು.

"ನೀ ನೋಡ್ತಿ ಅಂದ್ರ ಸರಿ," ಎಂದಳು ಕೊನೆಗೆ. "ನೀ ದೇವರನ್ನ ಕೂಡಾ ಪರೀಕ್ಷೆ ಮಾಡದೆ ಬಿಡಲ್ಲ. ಇವತ್ತು ಒಯ್ತೀನಿ. ನಾಳೆ ಸಂಗತಿ ನಾಳೆ."

ನಾಳೆಯ ಸಂಗತಿ ಪೂರ್ತಿ ಸಿಹಿಯಾಗಿರಲಿಲ್ಲ. ಎರಡು ಹಾಸ್ಟೆಲುಗಳಲ್ಲಿ ಒಂದರ ರೊಟ್ಟಿ ಮುಂದಿನ ವಾರದಿಂದ ಬೇರೆ ಕಡೆಗೆ ಹೋಯಿತು. ಹುಡುಗಿಯರ ತಂದೆ ತಾಯಿಯರ ಕಾರಣವೆಂದು ಗುಂಡಮ್ಮ ಹೇಳಿದಳು. ಅದು ನಿಜವೋ ನೆಪವೋ ಎಂದು ಶಿವದೇವಿ ಬಹಳ ದಿನ ತೂಗಿ ನೋಡಿದಳು. ಉಳಿದ ಕೊರತೆಯನ್ನು ತುಂಬಲು ಸಿದ್ದರಾಮಪ್ಪ ಕೆಲಸ ಹೋದ ಮೇಲೆ ಮೊದಲ ಸಲ ದುಡಿಮೆಗೆಂದು ಮನೆಯಿಂದೆದ್ದು, ರೊಟ್ಟಿಯ ಬುಟ್ಟಿ ಹಿಡಿದು ಮೆಟ್ರೋ ಏರಿ, ಅಮೀರ್‌ಪೇಟೆಯ ಹಾಸ್ಟೆಲುಗಳ ಬಾಗಿಲು ತಟ್ಟತೊಡಗಿದನು. ಕೆಲವು ತೆರೆದವು.

ಶಿವದೇವಿ ಸನೋವಾರಾಳನ್ನು ನಂಬಿದಳೆಂದು ಹೇಳಿದರೆ ಅದು ಸುಳ್ಳಾದೀತು. ಸಂಜೆಯ ಮೂರು ಗೆರೆ ನಿಲ್ಲಲಿಲ್ಲ, ನಡುಗೆರೆಯ ಕೊಂಕೂ ಉಳಿಯಿತು. ಮುಂಜಾನೆ ಹೆಂಗಸರು ಬಂದೊಡನೆ ಆಕೆ ಎಲ್ಲರ ಎದುರಿಗೇ ಡಬ್ಬದ ಮುಚ್ಚಳ ತೆಗೆದು ಗೆರೆಯನ್ನು ನೋಡುವಳು. ಅದೇ ಹೊತ್ತಿಗೆ ಸನೋವಾರಾ ಚಪ್ಪಲಿ ಬಿಟ್ಟು, ಕೈತೊಳೆದು, ನೆಟ್ಟಗೆ ಜಗಲಿಯ ಕಡೆಗೆ ನಡೆದು ಗಡಿಗೆಯ ಮುಚ್ಚಳ ತೆಗೆಯುವಳು. ಒಡತಿ ಇಂದಿನ ಹಿಡಿ ಹಾಕಿದ್ದಾಳೋ ಇಲ್ಲವೋ ಎಂಬ ಸಂಶಯ ಅವಳದು. ಮೊದಲ ದಿನ ಶಿವದೇವಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಬೇಡವೆನ್ನಲು ಬಾಯಿ ಬರಲಿಲ್ಲ.

ಶ್ರಾವಣದ ಮೊದಲ ಸೋಮವಾರ ಸನೋವಾರಾ ಗಡಿಗೆಯೊಳಗೆ ಬಗ್ಗಿ ನೋಡಿ, ತಲೆಯೆತ್ತಿ, ಬಂಡೆಮ್ಮನಿಗೂ ಕೇಳುವಂತೆ ಹೇಳಿದಳು:

"ಇವತ್ತಿನ ಮುಟ್ಟಿ ಸಣ್ಣದು ಅಮ್ಮಾ."

"ನಿನ್ನ ಕಣ್ಣು ದೊಡ್ಡದು," ಎಂದಳು ಶಿವದೇವಿ. ಆಮೇಲೆ ಗೊಣಗುತ್ತ ಡಬ್ಬದ ಮುಚ್ಚಳ ತೆಗೆದು, ಆಗ ತಾನೇ ಪರೀಕ್ಷಿಸಿದ್ದ ಗೆರೆಗಳನ್ನು ಕೆಡಿಸಿ, ಇನ್ನೊಂದು ಹಿಡಿ ಹಿಟ್ಟನ್ನು ಎತ್ತಿಕೊಂಡು ಜಗಲಿಯ ಕಡೆಗೆ ನಡೆದಳು.